ಭಾಷೆಯಲ್ಲಿ ತಪ್ಪು ಯಾವುದು?

ಎರಡೂ ಎರಡೂ ಸೇರಿದರೆ ಐದು ಎಂದು ಹುಡುಗನೊಬ್ಬ ಬರೆದರೆ ಅದನ್ನು ನಾವು ತಪ್ಪು ಎನ್ನುತ್ತೇವೆ. ನೆರೆಮನೆಯ ಹಿತ್ತಲಿನಿಂದ ತೆಂಗಿನಕಾಯಿ ಕದ್ದು ತಂದರೆ ಅದನ್ನೂ ತಪ್ಪು ಎನ್ನುತ್ತೇವೆ. ಒಂದು ಪದವನ್ನು ಪುಸ್ತಕದಲ್ಲಿರುವಂತೆ ಹೇಳದೆ ತನ್ನ ಮನೆಯಲ್ಲಿ ಕೇಳಿದಂತೆ ಹೇಳಿದರೆ ಅದಕ್ಕೂ ತಪ್ಪು ಎಂದೇ ಹೆಸರು. ಈ ಮೂರೂ ಒಂದೇ ಜಾತಿಯ ತಪ್ಪುಗಳೆ? ಮೊದಲನೆಯದು ಯಾವ ದೇಶದಲ್ಲಿಯೂ ಯಾವ ಕಾಲದಲ್ಲಿಯೂ ತಪ್ಪೇ. ಎರಡನೆಯದನ್ನು ಊರಿಗೆ ಊರೇ ಮಾಡತೊಡಗಿದರೂ ಅದು ಒಪ್ಪಾಗಲಾರದು. ಮೂರನೆಯದರ ರೀತಿಯೇ ಬೇರೆ. ಒಬ್ಬ ಮಾಡಿದರೆ ಅದು ತಪ್ಪು. ಹತ್ತು ಮಂದಿ ಮಾಡಿದರೆ ಗ್ರಾಮ್ಯ. ಎಲ್ಲರೂ ಮಾಡಿದರೆ ಅದೇ ವ್ಯಾಕರಣ.

ಹಾಗಾದರೆ ಅದನ್ನು ತಪ್ಪೆಂದು ಹೇಳುವ ಅಧಿಕಾರ ಯಾರಿಗಿದೆ? ಇದ್ದರೂ ಅದನ್ನು ಯಾವ ಧ್ವನಿಯಲ್ಲಿ ಹೇಳಬೇಕು? ಮೇಲುನೋಟಕ್ಕೆ ಇದು ವ್ಯಾಕರಣದ ಪ್ರಶ್ನೆ. ನನಗೆ ಮಾತ್ರ ಇದು ನೀತಿಯ ಪ್ರಶ್ನೆಯೆಂದೇ ತೋರುತ್ತದೆ. ಒಬ್ಬನ ಲೆಕ್ಕವನ್ನು ತಿದ್ದಿದರೆ ಅವನ ಲೆಕ್ಕವಷ್ಟೇ ಬದಲಾಗುತ್ತದೆ. ಒಬ್ಬನ ಮಾತನ್ನು ತಿದ್ದಿದರೆ ಹಾಗಲ್ಲ. ಅವನಿಗೆ ಆ ಮಾತನ್ನು ಕಲಿಸಿದ ತಾಯಿ, ಅಜ್ಜಿ, ಓರಗೆಯವರು ಎಲ್ಲರನ್ನೂ ಅವನ ಕಣ್ಣೆದುರಿಗೇ ತಿದ್ದಿದಂತಾಗುತ್ತದೆ. ಇಂಥ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಗಾಳಿಗೋಪುರವಾದೀತು. ಒಂದು ಭಾಷೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡುವುದು ಮೇಲು. ಅದಕ್ಕೆ ನಾನು ಆರಿಸಿಕೊಂಡಿರುವುದು ಇಟಾಲಿಯನ್ ಭಾಷೆ. ತಪ್ಪಿನ ಹೊಟ್ಟೆಯಲ್ಲಿ ಹುಟ್ಟಿ, ಒಪ್ಪಿನ ಪೀಠವನ್ನೇರಿ, ಆ ಪೀಠದ ಮೇಲಿನಿಂದ ಇತರರ ತಪ್ಪುಗಳನ್ನು ಎಣಿಸಿದ ಭಾಷೆ ಅದು. ಈ ಮೂರು ಅವಸ್ಥೆಗಳೂ ಅದರ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

ಲ್ಯಾಟಿನ್ ಭಾಷೆಯ ಒಂದು ಚಿಕ್ಕ ಪಟ್ಟಿಯಿಂದ ಪ್ರಾರಂಭಿಸೋಣ. ವಿದ್ವಾಂಸರು ಅದನ್ನು 'ಪ್ರೋಬನ ಅನುಬಂಧ' ಎಂದು ಕರೆಯುತ್ತಾರೆ. ಉತ್ತರ ಇಟಲಿಯ ಬೊಬ್ಬಿಯೊ ಎಂಬ ಮಠದಲ್ಲಿ ಸುಮಾರು ಕ್ರಿ. ಶ. ೭೦೦ರ ಹೊತ್ತಿಗೆ ನಕಲಾದ ಒಂದು ಹಸ್ತಪ್ರತಿಯಲ್ಲಿ ಅದು ಉಳಿದುಬಂದಿದೆ. ಯಾರೋ ಒಬ್ಬ ಉಪಾಧ್ಯಾಯ, ಜನ ಲ್ಯಾಟಿನ್ನನ್ನು ಕೆಡಿಸುತ್ತಿದ್ದಾರೆಂದು ನೊಂದುಕೊಂಡು, ಶುದ್ಧರೂಪ ಯಾವುದು, ಅಶುದ್ಧರೂಪ ಯಾವುದು ಎಂದು ೨೨೭ ಪದಗಳನ್ನು ಜೋಡಿ ಜೋಡಿಯಾಗಿ ಬರೆದಿಟ್ಟಿದ್ದಾನೆ. ಕನ್ನಡಿಗೆ 'ಸ್ಪೆಕುಲುಮ್' ಎನ್ನಬೇಕು, 'ಸ್ಪೆಕ್ಲುಮ್' ಎನ್ನಬಾರದು. ಕಣ್ಣಿಗೆ 'ಒಕುಲುಸ್' ಎನ್ನಬೇಕು, 'ಒಕ್ಲುಸ್' ಎನ್ನಬಾರದು. ಮುದುಕನಿಗೆ 'ವೆತುಲುಸ್' ಸರಿ, 'ವೆಕ್ಲುಸ್' ತಪ್ಪು. ಕಿವಿಗೆ 'ಔರಿಸ್' ಸರಿ, 'ಒರಿಕ್ಲ' ತಪ್ಪು. ಬಿಸಿ ಎನ್ನುವುದಕ್ಕೆ 'ಕಲಿದ' ಸರಿ, 'ಕಲ್ದ' ತಪ್ಪು. ಕೊನೆಗೆ ನೀರನ್ನೂ ಅವನು ಬಿಟ್ಟಿಲ್ಲ. 'ಅಕ್ವ' ಎನ್ನಬೇಕು, ನಡುವಣ ಅಕ್ಷರವನ್ನು ಒತ್ತಿ 'ಅಕ್ಕ್ವ' ಎನ್ನಬಾರದು.

ಇಂದು ಇಟಲಿಯ ಯಾವ ಊರಿಗಾದರೂ ಹೋಗಿ ನೀರು ಕೇಳಿ. ಅವರು ಹೇಳುವುದು 'ಅಕ್ಕ್ವ'. ಬಿಸಿಗೆ 'ಕಲ್ದ'. ಕಣ್ಣು 'ಒಕ್ಕಿಯೊ', ಕಿವಿ 'ಒರೆಕ್ಕಿಯೊ', ಕನ್ನಡಿ 'ಸ್ಪೆಕ್ಕಿಯೊ', ಮುದುಕ 'ವೆಕ್ಕಿಯೊ'. ಎಲ್ಲವೂ ಆ ಉಪಾಧ್ಯಾಯ ಅಡ್ಡಗೆರೆ ಎಳೆದ ಕಡೆಯಿಂದಲೇ ಬಂದವು. ಅವನು ಒಪ್ಪೆಂದು ಕಾಪಾಡಹೊರಟ ರೂಪಗಳು ಪುಸ್ತಕದಲ್ಲಿ ಉಳಿದವು. ತಪ್ಪೆಂದು ಹೊರಗಟ್ಟಿದ ರೂಪಗಳು ಮಕ್ಕಳುಮರಿಗಳೊಡನೆ ಸಂಸಾರ ಹೂಡಿದವು. ಅವನ ತಪ್ಪುಗಳ ಕಾಲಂ ಇಟಾಲಿಯನ್ ಭಾಷೆಯ ಮೊದಲ ನಿಘಂಟು ಎಂದು ತಮಾಷೆಗೆ ಹೇಳಿದರೂ ಸಲ್ಲುತ್ತದೆ.

ಇದನ್ನು ಓದಿ ಆ ಉಪಾಧ್ಯಾಯನನ್ನು ಕಂಡು ನಗುವುದು ಸುಲಭ. ನನಗೇನೋ ಅವನ ಮೇಲೆ ಗೌರವವೇ ಹುಟ್ಟುತ್ತದೆ. ಒಂದು ಕಾಲದಲ್ಲಿ ಆಫ್ರಿಕದ ಕಾರ್ಥೇಜಿನಲ್ಲಿ ಬರೆದ ಓಲೆಯನ್ನು ರೋಮಿನವನು ಓದಬಲ್ಲವನಾಗಿದ್ದ. ಸ್ಪೇನಿನಲ್ಲಿ ಹುಟ್ಟಿದವನ ಗ್ರಂಥವನ್ನು ಗಾಲ್ ದೇಶದವನು ಸವಿಯಬಲ್ಲವನಾಗಿದ್ದ. ಆ ಬಾಂಧವ್ಯ ಹರಿದುಹೋಗುತ್ತಿದೆಯೆಂಬ ಭಯ ಅವನಿಗಿತ್ತು. ಅದು ಸುಳ್ಳು ಭಯವಲ್ಲ. ನಿಜವಾಗಿಯೂ ಹರಿದೇ ಹೋಯಿತು. ಅವನಿಗೆ ತಿಳಿಯದೆ ಹೋದದ್ದು ಒಂದೇ: ತಾನು ದಡ ಕಟ್ಟಹೊರಟಿರುವುದು ಕೆರೆಗಲ್ಲ, ಹೊಳೆಗೆ ಎಂಬುದು. ಲ್ಯಾಟಿನ್ ಸಾಯುತ್ತಿದೆ ಎಂದು ಅವನು ಅಳುತ್ತಿದ್ದ ಗಳಿಗೆಯಲ್ಲಿಯೇ ಪಕ್ಕದ ಕೋಣೆಯಲ್ಲಿ ಅದಕ್ಕೆ ಮಕ್ಕಳು ಹುಟ್ಟುತ್ತಿದ್ದವು.

ಆ ಮಕ್ಕಳಲ್ಲಿ ಒಂದು ಮೊದಲ ಬಾರಿಗೆ ಬರವಣಿಗೆಯಲ್ಲಿ ಸ್ಪಷ್ಟವಾಗಿ ಬಾಯಿಬಿಟ್ಟದ್ದು ಎಲ್ಲಿ ಗೊತ್ತೆ? ಕಾವ್ಯದಲ್ಲಲ್ಲ, ಕೋರ್ಟಿನಲ್ಲಿ. ಕ್ರಿ. ಶ. ೯೬೦ರಲ್ಲಿ ದಕ್ಷಿಣದ ಕಾಪುವ ಎಂಬ ಊರಿನಲ್ಲಿ ಒಂದು ಜಮೀನಿನ ವ್ಯಾಜ್ಯ ನಡೆಯಿತು. ಒಂದು ಕಡೆ ಸಂತ ಬೆನೆಡಿಕ್ಟನ ಮೊಂತೆಕಸ್ಸೀನೊ ಮಠ. ಇನ್ನೊಂದು ಕಡೆ ಆ ಸೀಮೆಯ ಒಬ್ಬ ಜಮೀನುದಾರ. ತೀರ್ಪಿನ ಪತ್ರವೆಲ್ಲ ಲ್ಯಾಟಿನ್ನಿನಲ್ಲಿದೆ. ಇಂತಿಂಥ ಎಲ್ಲೆಯೊಳಗಿನ ಭೂಮಿ ಮೂವತ್ತು ವರ್ಷಗಳಿಂದ ಮಠದ ಸ್ವಾಧೀನದಲ್ಲಿತ್ತು ಎಂದು ಸಾಕ್ಷಿಗಳು ಪ್ರಮಾಣ ಮಾಡಿ ಹೇಳುವ ಮಾತು ಮಾತ್ರ ಲ್ಯಾಟಿನ್ನಿನಲ್ಲಿಲ್ಲ. ಆ ಸೀಮೆಯ ಆಡುನುಡಿಯಲ್ಲಿದೆ. ಇದರಲ್ಲಿ ನನಗೊಂದು ದೊಡ್ಡ ಅರ್ಥ ಕಾಣುತ್ತದೆ. ಸತ್ಯವನ್ನು ಹೇಳಬೇಕಾದ ಸಮಯ ಬಂದಾಗ, ಕೇಳಿದವರೆಲ್ಲರಿಗೂ ಅದು ತಿಳಿಯಬೇಕಾದಾಗ, ಪಂಡಿತರೇ ಪಂಡಿತರ ಭಾಷೆಯನ್ನು ಬದಿಗಿಟ್ಟರು. ಶುದ್ಧವಾದ ಮಾತಿಗಿಂತ ಪ್ರಾಮಾಣಿಕವಾದ ಮಾತು ಬೇಕಾಗಿತ್ತು. ಇಟಾಲಿಯನ್ ಭಾಷೆಗೆ ಬರೆಹದಲ್ಲಿ ದೊರೆತ ಮೊದಲ ಆಸನ ಸಾಕ್ಷಿಕಟ್ಟೆ.

ಮುಂದೆ ಮೂರೂವರೆ ಶತಮಾನ ಕಳೆದು ದಾಂತೆ ಬಂದ. ತನ್ನ ಊರಾದ ಫ್ಲಾರೆನ್ಸಿನಿಂದ ೧೩೦೨ರಲ್ಲಿ ಬಹಿಷ್ಕೃತನಾಗಿ, ಇಟಲಿಯ ಊರೂರು ಅಲೆದು, ಹತ್ತು ಹಲವು ಬಗೆಯ ಮಾತುಗಳನ್ನು ಕಿವಿಯಾರ ಕೇಳಿದವನು ಅವನು. ದೇಶಭಾಷೆಯನ್ನು ಕುರಿತು ಒಂದು ಗ್ರಂಥ ಬರೆಯಲು ತೊಡಗಿದ. ಅದನ್ನು ಅರ್ಧಕ್ಕೇ ಬಿಟ್ಟ. ಮಗು ದಾದಿಯ ಮಾತನ್ನು ಅನುಕರಿಸುತ್ತ, ಯಾವ ಸೂತ್ರವನ್ನೂ ಉರು ಹೊಡೆಯದೆ, ತಾನೇ ತಾನಾಗಿ ಪಡೆಯುವ ನುಡಿಯೇ ವ್ಯಾಕರಣದಿಂದ ಕಲಿತ ಲ್ಯಾಟಿನ್ನಿಗಿಂತ ಶ್ರೇಷ್ಠ ಎಂದು ಅದರಲ್ಲಿ ಸಾರಿದ. ಈ ಮಾತನ್ನು ಅವನು ಹೇಳಿದ್ದು ಲ್ಯಾಟಿನ್ನಿನಲ್ಲಿಯೇ ಎಂಬುದು ಒಂದು ವಿನೋದ. ಒಪ್ಪಿಸಬೇಕಾಗಿದ್ದವರು ಲ್ಯಾಟಿನ್ ಓದುವವರೇ ಅಲ್ಲವೆ? 'ಔತಣ' ಎಂಬ ಅರ್ಥದ ಹೆಸರಿರುವ ಇನ್ನೊಂದು ಪುಸ್ತಕದಲ್ಲಿ ಅವನು ಇದಕ್ಕಿಂತಲೂ ಹೃದ್ಯವಾದ ಮಾತು ಹೇಳುತ್ತಾನೆ. ತನ್ನ ತಂದೆತಾಯಿಗಳು ಒಬ್ಬರಿಗೊಬ್ಬರು ಹತ್ತಿರವಾದದ್ದು ಈ ನುಡಿಯಲ್ಲಿ ಮಾತನಾಡಿ. ಆದ್ದರಿಂದ ತಾನು ಹುಟ್ಟುವುದಕ್ಕೆ ಈ ನುಡಿಯೂ ಒಂದು ಕಾರಣ ಎಂದು. ಮಾತೃಭಾಷೆಯ ಋಣವನ್ನು ಇದಕ್ಕಿಂತ ನೇರವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಆದರೆ ಅದೇ ದಾಂತೆ, ಲ್ಯಾಟಿನ್ನಿನಲ್ಲಿ ಬರೆದ ಆ ಗ್ರಂಥದಲ್ಲಿ, ಅಪೆನ್ನೈನ್ ಪರ್ವತದ ಎರಡು ಕಡೆಗಳ ಹದಿನಾಲ್ಕು ಪ್ರಾಂತಗಳ ನುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಒಂದನ್ನೂ ಪಾಸು ಮಾಡಲಿಲ್ಲ. ತನ್ನ ತೊಸ್ಕಾನ ಪ್ರಾಂತದವರನ್ನೂ ಬೈದ. ಎಲ್ಲ ಕವಿಗಳಿಗೂ ಸಲ್ಲುವ ಉನ್ನತವಾದ ಭಾಷೆಯೊಂದುಂಟು, ಅದು ಕಾಡಿನ ಚಿರತೆಯಂತೆ ಎಲ್ಲ ಊರುಗಳಲ್ಲಿಯೂ ತನ್ನ ಸುಗಂಧವನ್ನು ಸೂಸುತ್ತದೆ, ಯಾವ ಊರಿನಲ್ಲಿಯೂ ಸಿಕ್ಕುವುದಿಲ್ಲ ಎಂದ. ಇಲ್ಲಿ ಒಬ್ಬನೇ ಮನುಷ್ಯನ ಎದೆಯಲ್ಲಿ ಎರಡು ನಿಷ್ಠೆಗಳು ಹೋರಾಡುವುದನ್ನು ಕಾಣುತ್ತೇವೆ. ಒಂದು, ತಾಯಿಯ ಮಾತಿಗೆ; ಇನ್ನೊಂದು, ತಾಯಿಯ ಊರಿನಾಚೆಗೂ ಕೇಳಿಸಬೇಕಾದ ಮಾತಿಗೆ. ಎರಡೂ ನಿಜವಾದ ನಿಷ್ಠೆಗಳೇ. ಒಂದನ್ನು ಒರೆಸಿಬಿಟ್ಟರೆ ಪ್ರಶ್ನೆ ಬಗೆಹರಿಯುತ್ತದೆಂದು ಹೇಳುವವರನ್ನು ನಾನು ನಂಬಲಾರೆ.

ದಾಂತೆಯ 'ಡಿವೈನ್ ಕಾಮೆಡಿ', ಪೆಟ್ರಾರ್ಕನ ಪ್ರೇಮಗೀತೆಗಳು, ಬೊಕ್ಕಾಚಿಯೊನ 'ಡೆಕಾಮೆರಾನ್' ಇವು ಹದಿನಾಲ್ಕನೆಯ ಶತಮಾನ ಮುಗಿಯುವುದರೊಳಗೆ ಫ್ಲಾರೆನ್ಸಿನ ನುಡಿಗೆ ಯಾವ ರಾಜನೂ ಕೊಡಲಾರದ ಪಟ್ಟವನ್ನು ಕಟ್ಟಿದವು. ಹದಿನಾರನೆಯ ಶತಮಾನದಲ್ಲಿ ಇಟಲಿ ಹತ್ತಾರು ರಾಜ್ಯಗಳಾಗಿ ಒಡೆದಿತ್ತು. ಆಜ್ಞೆ ಮಾಡುವ ಚಕ್ರವರ್ತಿ ಇರಲಿಲ್ಲ. ೧೫೨೫ರಲ್ಲಿ ಬೆಂಬೊ ಎಂಬ ವಿದ್ವಾಂಸ, ಪದ್ಯಕ್ಕೆ ಪೆಟ್ರಾರ್ಕನನ್ನೂ ಗದ್ಯಕ್ಕೆ ಬೊಕ್ಕಾಚಿಯೊನನ್ನೂ ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂದು ಬರೆದ. ಸತ್ತು ನೂರೈವತ್ತು ವರ್ಷವಾಗಿದ್ದ ಇಬ್ಬರು ಲೇಖಕರು ಅವರು; ಬೆಂಬೊ ಫ್ಲಾರೆನ್ಸಿನವನೂ ಅಲ್ಲ, ವೆನಿಸ್ಸಿನವನು. ಫೆರಾರದ ಕವಿ ಅರಿಯೊಸ್ತೊ, ಬೆಂಬೊ ಹೇಳಿದ ಮಾರ್ಗಕ್ಕೆ ಹೊಂದುವಂತೆ ತನ್ನ ಮಹಾಕಾವ್ಯವನ್ನೇ ತಿದ್ದಿ ೧೫೩೨ರಲ್ಲಿ ಮತ್ತೆ ಪ್ರಕಟಿಸಿದ. ಯಾರೂ ಅವನ ಕೈ ಹಿಡಿದು ಬರೆಸಲಿಲ್ಲ. ಮಾಂತುವದ ಕಡೆಯ ಕಾಸ್ತಿಲ್ಯೋನೆ ಇದನ್ನು ಒಪ್ಪಲಿಲ್ಲ. ಹಳೆಯ ತೊಸ್ಕಾನ ಮಾತುಗಳಿಗೆ ತನ್ನನ್ನು ಕಟ್ಟಿಹಾಕಿಕೊಳ್ಳುವುದಿಲ್ಲವೆಂದು ೧೫೨೮ರ ತನ್ನ ಪುಸ್ತಕದಲ್ಲಿಯೇ ಹೇಳಿಕೊಂಡ. ಅವನಿಗೂ ಯಾರೂ ಶಿಕ್ಷೆ ಕೊಡಲಿಲ್ಲ. ಪರಸ್ಪರ ಕೇಳಿಸಬೇಕೆಂಬ ಆಸೆಯಿಂದ ದೊಡ್ಡವರು ತಾವಾಗಿಯೇ ಒಪ್ಪಿಕೊಂಡ ನಿಯಮ ಅದು. ಇಂಥ ನಿಯಮದಲ್ಲಿ ಅನೀತಿಯೇನೂ ನನಗೆ ಕಾಣುವುದಿಲ್ಲ.

ಒಪ್ಪಿಕೊಂಡ ನಿಯಮಕ್ಕೆ ಕಾವಲುಗಾರರು ಹುಟ್ಟಿದಾಗ ಬಣ್ಣ ಬದಲಾಗುತ್ತದೆ. ೧೫೮೩ರಲ್ಲಿ ಫ್ಲಾರೆನ್ಸಿನಲ್ಲಿ 'ಕ್ರೂಸ್ಕ' ಎಂಬ ವಿದ್ವತ್ಪರಿಷತ್ತು ಏರ್ಪಟ್ಟಿತು. ಕ್ರೂಸ್ಕ ಎಂದರೆ ತೌಡು. ಹಿಟ್ಟಿನಿಂದ ತೌಡನ್ನು ಬೇರ್ಪಡಿಸುವುದು ತಮ್ಮ ಕೆಲಸವೆಂದು ಅವರು ಹಿಟ್ಟು ಜಾಲಿಸುವ ಯಂತ್ರವನ್ನೇ ಲಾಂಛನವಾಗಿ ಇಟ್ಟುಕೊಂಡರು. ೧೬೧೨ರಲ್ಲಿ ಅವರು ಪ್ರಕಟಿಸಿದ ನಿಘಂಟು ನಿಜಕ್ಕೂ ಮಹತ್ವದ ಕೆಲಸ. ಆದರೆ ಆ ಕಾಲದ ಮಹಾಕವಿ ತಾಸ್ಸೊನ ಭಾಷೆ ಅವರ ಜರಡಿಯಲ್ಲಿ ಇಳಿಯಲಿಲ್ಲ. ಆ ನಿಘಂಟಿನ ಪ್ರಮಾಣ ಗ್ರಂಥಗಳಲ್ಲಿ ಅವನಿಗೆ ಜಾಗವಿಲ್ಲ. ೧೬೯೧ರ ಮೂರನೆಯ ಆವೃತ್ತಿಯಲ್ಲಿ ಅವನು ಒಳಗೆ ಬಂದ. ಎಂಬತ್ತು ವರ್ಷಗಳಲ್ಲಿ ತೌಡು ಹಿಟ್ಟಾಗಿತ್ತು. ತಾಸ್ಸೊ ಬದಲಾಗಿರಲಿಲ್ಲ, ಅವನು ಸತ್ತು ಒಂದು ಶತಮಾನವೇ ಆಗುತ್ತ ಬಂದಿತ್ತು. ಬದಲಾದದ್ದು ಜರಡಿಯ ಕಣ್ಣು.

ಆ ವರ್ಷಗಳಲ್ಲಿಯೇ ಇನ್ನೊಬ್ಬ ಫ್ಲಾರೆನ್ಸಿನವನು ನಮ್ಮ ಕರಾವಳಿಗೆ ಬಂದದ್ದನ್ನು ಇಲ್ಲಿ ನೆನೆಯಬೇಕು. ಫಿಲಿಪ್ಪೊ ಸಸ್ಸೆತ್ತಿ ಎಂಬ ವರ್ತಕ ೧೫೮೩ರಲ್ಲಿ ಕೊಚ್ಚಿಗೆ ಬಂದು, ೧೫೮೮ರಲ್ಲಿ ಗೋವೆಯಲ್ಲಿ ತೀರಿಕೊಂಡ. ಮೆಣಸಿನ ವ್ಯಾಪಾರಕ್ಕೆ ಬಂದವನು ಸಂಸ್ಕೃತದ ಕಡೆಗೂ ಕಿವಿಗೊಟ್ಟ. ದೇವ, ಸರ್ಪ, ಸಪ್ತ, ಅಷ್ಟ, ನವ ಈ ಶಬ್ದಗಳು ತನ್ನ ನುಡಿಯ ದೀಯೊ, ಸೆರ್ಪೆ, ಸೆತ್ತೆ, ಒತ್ತೊ, ನೋವೆಗಳನ್ನು ಹೋಲುತ್ತವೆಂದು ತನ್ನ ಊರಿನವರಿಗೆ ಕಾಗದ ಬರೆದ. ಎರಡು ಶತಮಾನಗಳ ಅನಂತರ ಭಾಷಾಶಾಸ್ತ್ರ ಕಂಡುಕೊಂಡ ಬಂಧುತ್ವದ ಒಂದು ಎಳೆ ಅವನ ಕೈಗೆ ಸಿಕ್ಕಿತ್ತು. ತೌಡನ್ನು ಹುಡುಕುವವನಿಗೆ ತೌಡು ಸಿಕ್ಕುತ್ತದೆ. ನಂಟನ್ನು ಹುಡುಕುವವನಿಗೆ ನಂಟು. ಇಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಲ್ಯಾಟಿನ್ನಿನ 'ಸೆಪ್ತೆಮ್' ಇಟಲಿಯವರ ಬಾಯಲ್ಲಿ 'ಸೆತ್ತೆ' ಆದ ಹಾಗೆಯೇ ಸಂಸ್ಕೃತದ 'ಸಪ್ತ' ನಮ್ಮ ಪ್ರಾಕೃತದಲ್ಲಿ 'ಸತ್ತ' ಆಯಿತು. ಇಂಥ ರೂಪಗಳನ್ನು ನಮ್ಮ ಹಿಂದಿನವರು ಅಪಭ್ರಂಶ, ಅಂದರೆ ಜಾರಿಬಿದ್ದದ್ದು, ಎಂದು ಹಳಿದದ್ದೂ ಉಂಟು. ತದ್ಭವ, ಅಂದರೆ ಅದರಿಂದ ಹುಟ್ಟಿದ್ದು, ಎಂದು ಮನೆಯೊಳಗೆ ಕರೆದುಕೊಂಡದ್ದೂ ಉಂಟು. ಒಂದೇ ಪದಕ್ಕೆ ಎರಡು ಹೆಸರು. ಯಾವ ಹೆಸರಿಡುತ್ತೇವೆ ಎಂಬುದರಲ್ಲಿಯೇ ನಮ್ಮ ನೀತಿ ತಿಳಿಯುತ್ತದೆ.

ಇಟಲಿಗೆ ಹಿಂದಿರುಗೋಣ. ೧೮೬೧ರಲ್ಲಿ ಆ ದೇಶ ಒಂದಾಯಿತು. ಒಂದಾದ ದೇಶದಲ್ಲಿ ಇಟಾಲಿಯನ್ ಬಲ್ಲವರು ಎಷ್ಟು ಮಂದಿ? ತುಲ್ಲಿಯೊ ದೆ ಮಾವ್ರೊ ಎಂಬ ವಿದ್ವಾಂಸ ೧೯೬೩ರಲ್ಲಿ ಹಾಕಿದ ಲೆಕ್ಕದ ಪ್ರಕಾರ ನೂರಕ್ಕೆ ಎರಡೂವರೆ. ಮುಂದೆ ಕಾಸ್ತೆಲ್ಲಾನಿ ಎಂಬ ಇನ್ನೊಬ್ಬ ವಿದ್ವಾಂಸ ೧೯೮೨ರಲ್ಲಿ ಉದಾರವಾಗಿ ಎಣಿಸಿದಾಗಲೂ ನೂರಕ್ಕೆ ಸುಮಾರು ಹತ್ತು. ಉಳಿದವರು ತಮ್ಮ ತಮ್ಮ ಪ್ರಾಂತದ ನುಡಿಯನ್ನು ಆಡುತ್ತಿದ್ದರು. ಹೊಸ ರಾಜ್ಯದ ಮಂತ್ರಿ ಕಾವೂರನಿಗೇ ಇಟಾಲಿಯನ್ನಿಗಿಂತ ಫ್ರೆಂಚ್ ಸಲೀಸಾಗಿತ್ತು. ಅಷ್ಟು ಶತಮಾನಗಳ ಸಾಹಿತ್ಯವಿದ್ದ ಭಾಷೆ ತನ್ನ ದೇಶದಲ್ಲಿಯೇ ಪುಸ್ತಕದ ಭಾಷೆಯಾಗಿತ್ತು. ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ವೆನಿಸ್, ನೇಪಲ್ಸ್, ಸಿಸಿಲಿಗಳ ನುಡಿಗಳು ಕೆಟ್ಟುಹೋದ ಇಟಾಲಿಯನ್ ಅಲ್ಲ. ಅವೂ ನೇರವಾಗಿ ಲ್ಯಾಟಿನ್ನಿನಿಂದಲೇ ಹುಟ್ಟಿದವು. ಫ್ಲಾರೆನ್ಸಿನ ನುಡಿಗೆ ಅವು ಒಡಹುಟ್ಟಿದವು. ಅಕ್ಕನ ಮಾತನ್ನು ತಂಗಿಯ ಮಾತಿನ ಕೆಟ್ಟ ನಕಲು ಎನ್ನುವುದು ನ್ಯಾಯವೆ?

ಈ ಅವಸ್ಥೆಗೆ ಇಬ್ಬರು ಎರಡು ಮದ್ದು ಹೇಳಿದರು. ಮಿಲಾನಿನ ಕಾದಂಬರಿಕಾರ ಮಾಂಜೋನಿ ಮನೆಯಲ್ಲಿ ಮಿಲಾನಿನ ನುಡಿಯನ್ನೂ ಫ್ರೆಂಚನ್ನೂ ಆಡಿ ಬೆಳೆದವನು. ೧೮೨೭ರಲ್ಲಿ ಪ್ರಕಟವಾದ ತನ್ನ ದೊಡ್ಡ ಕಾದಂಬರಿಯನ್ನು ಫ್ಲಾರೆನ್ಸಿನ ಆಡುಮಾತಿಗೆ ಹೊಂದಿಸಿ ಮತ್ತೆ ಬರೆದು ೧೮೪೦ರಿಂದ ೧೮೪೨ರವರೆಗೆ ಹೊರತಂದ. ಆರ್ನೊ ನದಿಯಲ್ಲಿ ಬಟ್ಟೆ ಜಾಲಿಸಿದ್ದು ಎಂದು ಇಂದಿಗೂ ಆ ಕೆಲಸವನ್ನು ವರ್ಣಿಸುತ್ತಾರೆ. ಫ್ಲಾರೆನ್ಸಿನ ವಿದ್ಯಾವಂತರ ಜೀವಂತ ಮಾತನ್ನೇ ಉಪಾಧ್ಯಾಯರ ಮೂಲಕ, ನಿಘಂಟಿನ ಮೂಲಕ ದೇಶಕ್ಕೆಲ್ಲ ಹಂಚಬೇಕೆಂದು ೧೮೬೮ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ. ಅದರಂತೆ ೧೮೭೦ರಿಂದ ಒಂದು ನಿಘಂಟು ಹೊರಬರತೊಡಗಿತು. ಅದರ ಹೆಸರಿನಲ್ಲಿಯೇ 'ಹೊಸ' ಎನ್ನುವುದಕ್ಕೆ ದೇಶದ ಲೇಖಕರೆಲ್ಲ ಬಳಸುತ್ತಿದ್ದ 'ನ್ವೊವೊ' ಎಂಬ ರೂಪವನ್ನು ಬಿಟ್ಟು ಫ್ಲಾರೆನ್ಸಿನ ಬೀದಿಯ 'ನೋವೊ' ಎಂದು ಹಾಕಿದ್ದರು. ಭಾಷಾಶಾಸ್ತ್ರಜ್ಞ ಆಸ್ಕೊಲಿ ೧೮೭೩ರಲ್ಲಿ ಇದನ್ನೇ ಹಿಡಿದುಕೊಂಡ. ದೇಶ ಆಗಲೇ ಒಪ್ಪಿಕೊಂಡಿರುವುದನ್ನು ಒಂದು ಊರಿಗಾಗಿ ಏಕೆ ಬಿಡಬೇಕು? ಭಾಷೆ ಒಂದಾಗುವುದು ಕಟ್ಟಳೆಯಿಂದಲ್ಲ. ಕೆಲವರಲ್ಲೇ ದಟ್ಟವಾಗಿರುವ ವಿದ್ಯೆ ಹಲವರಿಗೆ ಹರಡಿ, ಜನ ಒಟ್ಟಿಗೆ ಆಲೋಚಿಸಿ ಒಟ್ಟಿಗೆ ದುಡಿದಾಗ ಭಾಷೆ ತಾನಾಗಿ ಒಂದಾಗುತ್ತದೆ ಎಂಬುದು ಅವನ ವಾದ. ಇಂದಿನ ಇಟಾಲಿಯನ್ನಿನಲ್ಲಿ ಹೊಸದಕ್ಕೆ 'ನ್ವೊವೊ' ಎಂದೇ ಹೇಳುತ್ತಾರೆ.

ಶಾಲೆಗಳು ಆಸ್ಕೊಲಿಯ ತಾಳ್ಮೆಯನ್ನು ಕಲಿಯಲಿಲ್ಲ. ಪ್ರಾಂತ ನುಡಿಯನ್ನು ಕಿತ್ತೆಸೆಯಬೇಕಾದ ಕಳೆಯೆಂದು ಬಗೆದ ಉಪಾಧ್ಯಾಯರು ಬಹಳ ಮಂದಿ ಇದ್ದರು. ಫ್ಯಾಸಿಸ್ಟರ ಕಾಲದಲ್ಲಿ ಇದು ವಿಪರೀತಕ್ಕೆ ಹೋಯಿತು. ಮೊದಲನೆಯ ಮಹಾಯುದ್ಧದ ಅನಂತರ ಇಟಲಿಗೆ ಸೇರಿದ ಆಲ್ಪ್ಸ್ ಪ್ರಾಂತದ ಜರ್ಮನ್ ಮಾತಿನ ಮಕ್ಕಳಿಗೆ ೧೯೨೩ರಿಂದ ಇಟಾಲಿಯನ್ನಿನಲ್ಲಿಯೇ ಪಾಠವೆಂದು ಆಜ್ಞೆಯಾಯಿತು. ಜನ ಮನೆಗಳ ಒಳಕೋಣೆಗಳಲ್ಲಿ ಕಳ್ಳತನವಾಗಿ ಮಕ್ಕಳಿಗೆ ತಾಯಿನುಡಿ ಕಲಿಸಬೇಕಾಯಿತು. ೧೯೩೮ರಲ್ಲಿ, ಗೌರವದಿಂದ ಒಬ್ಬರನ್ನು ಸಂಬೋಧಿಸುವ 'ಲೇಯ್' ಎಂಬ ಸರ್ವನಾಮವನ್ನು ಪರದೇಶಿಯೆಂದು ಸಾರಿ 'ವೋಯ್' ಎನ್ನಬೇಕೆಂದರು. ೧೯೪೦ರಲ್ಲಿ ಅಂಗಡಿಗಳ ಹಲಗೆಗಳ ಮೇಲೆ ವಿದೇಶೀ ಪದಗಳನ್ನು ನಿಷೇಧಿಸಿದರು. ಆ ಆಡಳಿತ ಉರುಳಿತು. 'ಲೇಯ್' ಮರಳಿ ಬಂದಿತು. 'ಬಾರ್' ಎಂಬ ಹಲಗೆಗಳು ಇಂದು ಇಟಲಿಯ ಬೀದಿಬೀದಿಯಲ್ಲಿವೆ. ಮೂರೂವರೆ ಶತಮಾನ ಒಪ್ಪಿಗೆಯಿಂದ ಬೆಳೆದ ಭಾಷೆಗೆ ಬಲಾತ್ಕಾರದಿಂದ ಒಂದು ಸರ್ವನಾಮವನ್ನು ಕೂಡ ಕಲಿಸಲಾಗಲಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಯಾರನ್ನೂ ತಿದ್ದಬೇಡಿ, ಅವರವರ ಮಾತು ಅವರವರಿಗೆ ಇರಲಿ ಎಂದು ನಾನು ಮುಗಿಸುವೆನೆಂದು ಓದುಗರು ನಿರೀಕ್ಷಿಸಬಹುದು. ಹಾಗೆ ಹೇಳುವುದಕ್ಕೆ ಸುಲಭ, ಕೇಳುವುದಕ್ಕೂ ಹಿತ. ಅದನ್ನು ಹೇಳದಂತೆ ನನ್ನನ್ನು ತಡೆಯುವುದು ಒಂದು ಹಳ್ಳಿಯ ಶಾಲೆ. ಫ್ಲಾರೆನ್ಸಿನ ಉತ್ತರದ ಗುಡ್ಡಗಳಲ್ಲಿ ಬಾರ್ಬಿಯಾನ ಎಂಬ ಕೊಂಪೆ. ೧೯೫೪ರಲ್ಲಿ ಅಲ್ಲಿಗೆ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು ಕಳುಹಿಸಿದರು. ರೈತರ, ಕುರುಬರ ಮಕ್ಕಳಿಗೆ ಅವನು ಶಾಲೆ ತೆರೆದ. ೧೯೬೭ರಲ್ಲಿ ಆ ಹುಡುಗರಲ್ಲಿ ಎಂಟು ಮಂದಿ ಅವನ ಮೇಲ್ವಿಚಾರಣೆಯಲ್ಲಿ ಒಟ್ಟಾಗಿ ಕೂತು, ತಮ್ಮಂಥವರನ್ನು ಫೇಲು ಮಾಡಿ ಹೊರಕ್ಕೆ ಕಳುಹಿಸುವ ಉಪಾಧ್ಯಾಯಿನಿಯೊಬ್ಬಳಿಗೆ ಕಾಗದದ ರೂಪದಲ್ಲಿ ಒಂದು ಪುಸ್ತಕ ಬರೆದರು. ಅದೇ ವರ್ಷ ಮಿಲಾನಿ ತನ್ನ ೪೪ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆ ಹುಡುಗರು ಏನೆಂದು ದೂರಿದರು? ನಮಗೆ ನಿಮ್ಮ ಭಾಷೆ ಬೇಡ ಎಂದಲ್ಲ; ನಮಗೆ ಅದನ್ನು ಕಲಿಸಲಿಲ್ಲ ಎಂದು. ಬಡವರನ್ನು ಫೇಲು ಮಾಡುವ ಶಾಲೆ, ಆರೋಗ್ಯವಂತರಿಗೆ ಮದ್ದು ಕೊಟ್ಟು ರೋಗಿಗಳನ್ನು ಹೊರಗಟ್ಟುವ ಆಸ್ಪತ್ರೆಯಂತೆ ಎಂದರು. ತನ್ನ ಮನಸ್ಸನ್ನು ಹೇಳಬಲ್ಲ, ಇನ್ನೊಬ್ಬನ ಮಾತನ್ನು ತಿಳಿಯಬಲ್ಲ ಶಕ್ತಿಯೇ ಮನುಷ್ಯರನ್ನು ಸಮಾನರನ್ನಾಗಿ ಮಾಡುತ್ತದೆ. ಆದ್ದರಿಂದ ಭಾಷೆಯೇ ಸಮಾನತೆಯ ಬೀಗದ ಕೈ ಎಂಬುದು ಮಿಲಾನಿಯ ನಂಬಿಕೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಅವರು ಹೇಳಿದರು: ಯಾವ ಭಾಷೆ ಸರಿ ಎಂಬುದನ್ನು ಮೊದಲು ಗೊತ್ತುಮಾಡಬೇಕು, ಭಾಷೆಗಳನ್ನು ಬಡವರು ಸೃಷ್ಟಿಸಿ ಹೊಸದು ಮಾಡುತ್ತಿರುತ್ತಾರೆ, ಹಣವಂತರು ಅದನ್ನು ಗಟ್ಟಿಮಾಡಿಟ್ಟುಕೊಂಡು ತಮ್ಮಂತೆ ಮಾತನಾಡದವರನ್ನು ಹೀಯಾಳಿಸುತ್ತಾರೆ ಎಂದು. ದಾಂತೆಯ ಊರಿನ ಬೆನ್ನ ಹಿಂದಿನ ಗುಡ್ಡದಲ್ಲಿ, ದಾಂತೆಯದೇ ಪ್ರಾಂತದ ನುಡಿಯಾಡುವ ಮಕ್ಕಳಿಗೇ ಈ ಗತಿಯಾದರೆ, ಸಿಸಿಲಿಯ ಮಕ್ಕಳ ಪಾಡೇನು!

ತಿದ್ದದೆ ಬಿಡುವುದೂ ಒಂದು ಬಗೆಯ ತಿರಸ್ಕಾರ ಎಂಬುದನ್ನು ಬಾರ್ಬಿಯಾನದ ಹುಡುಗರು ತೋರಿಸಿದರು. ನಿನ್ನ ಮಾತು ಚೆನ್ನಾಗಿದೆ, ಹೀಗೆಯೇ ಇರು ಎಂದು ಹೊಗಳಿ, ನ್ಯಾಯಾಧೀಶನ ಮುಂದೆಯೋ ಸಾಹುಕಾರನ ಮುಂದೆಯೋ ಅವನನ್ನು ಮೂಕನಾಗಿ ನಿಲ್ಲಿಸುವುದು ದಯೆಯಲ್ಲ. ಅಂಥ ಹೊಗಳಿಕೆ ಹೊಗಳುವವನ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆದ್ದರಿಂದ ಎಲ್ಲರಿಗೂ ಸಲ್ಲುವ ಒಂದು ಭಾಷೆ ಬೇಕು. ಅದಕ್ಕೆ ನಿಯಮ ಬೇಕು. ಅದನ್ನು ಕಲಿಸುವವರು ಬೇಕು. ಆದರೆ ಕಲಿಸುವ ಹಕ್ಕಿನೊಳಗೆ ನಾಚಿಸುವ ಹಕ್ಕು ಸೇರಿಲ್ಲ. ಇದೇ ನಾನು ಹೇಳಬೇಕೆಂದಿರುವ ಮಾತು.

ಎರಡಕ್ಕೂ ಇರುವ ಅಂತರ ಕೂದಲೆಳೆಯಷ್ಟೆಂದು ತೋರಬಹುದು. ಹುಡುಗನ ಬಾಳಿನಲ್ಲಿ ಅದು ಕಂದರ. ಇದು ನಿಮ್ಮ ಮನೆಯಲ್ಲಿ ಸಲ್ಲುವ ಮಾತು, ಇನ್ನು ಎಲ್ಲ ಮನೆಗಳಲ್ಲಿಯೂ ಸಲ್ಲುವ ಮಾತೊಂದನ್ನು ಕಲಿ ಎಂದರೆ ಅವನ ಆಸ್ತಿ ಎರಡರಷ್ಟಾಗುತ್ತದೆ. ನಿನ್ನ ಮನೆಯ ಮಾತೇ ತಪ್ಪು ಎಂದರೆ ಇದ್ದ ಆಸ್ತಿಯೂ ಹೋಗುತ್ತದೆ. ಹೊಸದು ಸಾಲವಾಗಿ ಬರುತ್ತದೆ, ಜೀವನವೆಲ್ಲ ಅದಕ್ಕೆ ಹೆದರಿಕೆಯ ಬಡ್ಡಿ ಕಟ್ಟಬೇಕಾಗುತ್ತದೆ. ಮೊದಲನೆಯದನ್ನು ಹೇಳುವುದಕ್ಕೆ ಉಪಾಧ್ಯಾಯನಿಗೆ ಒಂದು ನೆನಪು ಬೇಕು: ತಾನು ಕಲಿಸುತ್ತಿರುವ ಒಪ್ಪು ಎಲ್ಲವೂ ಒಂದು ಕಾಲದಲ್ಲಿ ಯಾರದೋ ಪಟ್ಟಿಯಲ್ಲಿ ತಪ್ಪಾಗಿತ್ತು ಎಂಬ ನೆನಪು. ನಿಯಮ ತನ್ನ ಹುಟ್ಟನ್ನು ಮರೆತಾಗ ಕ್ರೂರವಾಗುತ್ತದೆ.

ಕೊನೆಗೆ ಇಟಲಿಯನ್ನು ಮಾತಿನಲ್ಲಿ ಒಂದುಮಾಡಿದ್ದು ನಿಘಂಟಲ್ಲ, ಆಜ್ಞೆಯಲ್ಲ. ಕಂದಕಗಳಲ್ಲಿ ಒಟ್ಟಿಗೆ ಕೂತ ಸೈನಿಕರು, ದಕ್ಷಿಣದ ಹಳ್ಳಿ ಬಿಟ್ಟು ತೂರಿನ್, ಮಿಲಾನುಗಳ ಕಾರ್ಖಾನೆಗೆ ಬಂದ ಕೂಲಿಗಾರರು, ೧೯೫೪ರಲ್ಲಿ ಆರಂಭವಾದ ಟೆಲಿವಿಷನ್ ಇವು ಒಂದುಮಾಡಿದವು. ೧೯೬೦ರಿಂದ ೧೯೬೮ರವರೆಗೆ ಅಲ್ಬೆರ್ತೊ ಮಾಂಜಿ ಎಂಬ ಉಪಾಧ್ಯಾಯ, ಕಲಿಯಲು ಎಂದೂ ತಡವಲ್ಲ ಎಂಬ ಅರ್ಥದ ಹೆಸರಿನ ಕಾರ್ಯಕ್ರಮದಲ್ಲಿ ಇದ್ದಲಿನ ಕಡ್ಡಿಯಿಂದ ಚಿತ್ರ ಬರೆಯುತ್ತ ವಯಸ್ಕರಿಗೆ ಓದುಬರೆಹ ಕಲಿಸಿದ. ಆಸ್ಕೊಲಿ ಹೇಳಿದ್ದು ತೊಂಬತ್ತು ವರ್ಷ ತಡವಾಗಿ, ಅವನು ಊಹಿಸದ ದಾರಿಯಲ್ಲಿ ನಡೆಯಿತು. ನಷ್ಟವೂ ಆಯಿತು. ೨೦೧೫ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಮನೆಯಲ್ಲಿ ಮುಖ್ಯವಾಗಿ ಪ್ರಾಂತ ನುಡಿಯನ್ನೇ ಆಡುವವರು ನೂರಕ್ಕೆ ಸುಮಾರು ಹದಿನಾಲ್ಕು ಮಂದಿ. ಎರಡನ್ನೂ ಬೆರೆಸಿ ಆಡುವವರು ಸುಮಾರು ಮೂವತ್ತೆರಡು. ೧೯೯೯ರ ಒಂದು ಕಾನೂನು ಹನ್ನೆರಡು ಅಲ್ಪಸಂಖ್ಯಾತ ನುಡಿಗಳಿಗೆ ರಕ್ಷಣೆ ಕೊಟ್ಟಿದೆ. ಸಾರ್ದಿನಿಯದ ನುಡಿ ಆ ಪಟ್ಟಿಯಲ್ಲಿದೆ, ನೇಪಲ್ಸಿನದಿಲ್ಲ, ಸಿಸಿಲಿಯದಿಲ್ಲ. ಪಟ್ಟಿಗಳ ಕಾಲ ಇನ್ನೂ ಮುಗಿದಿಲ್ಲ.

ಆದರೂ ಪಟ್ಟಿ ಮಾಡುವವರ ಮನಸ್ಸು ಬದಲಾಗಬಲ್ಲದು ಎಂಬುದಕ್ಕೆ ಒಂದು ನಿದರ್ಶನವಿದೆ. ೨೦೧೬ರಲ್ಲಿ ಉತ್ತರ ಇಟಲಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಎಳೆಯ ಹುಡುಗನೊಬ್ಬ ಹೂವನ್ನು ವರ್ಣಿಸುತ್ತ 'ಪೆತಲೋಸೊ' ಎಂದು ಬರೆದ; ದಳಗಳಿಂದ ತುಂಬಿದ್ದು ಎಂದು ಅವನ ಭಾವ. ನಿಘಂಟಿನಲ್ಲಿ ಅಂಥ ಪದವಿಲ್ಲ. ಉಪಾಧ್ಯಾಯಿನಿ ಅದನ್ನು ತಪ್ಪೆಂದು ಗುರುತು ಹಾಕಿದಳು. ಆದರೆ ಚೆಂದದ ತಪ್ಪು ಎಂದೂ ಬರೆದಳು. ಅಷ್ಟಕ್ಕೇ ಬಿಡದೆ ಆ ಪದವನ್ನು ಕ್ರೂಸ್ಕ ಪರಿಷತ್ತಿಗೇ ಕಳುಹಿಸಿ ಅಭಿಪ್ರಾಯ ಕೇಳಿದರು. ತೌಡು ತೆಗೆಯುವುದಕ್ಕೆಂದೇ ಹುಟ್ಟಿದ ಆ ನಾಲ್ಕು ಶತಮಾನದ ಸಂಸ್ಥೆ ಮಗುವಿಗೆ ಉತ್ತರ ಬರೆಯಿತು: ಪದ ಸರಿಯಾಗಿಯೇ ಕಟ್ಟಲ್ಪಟ್ಟಿದೆ, ಆದರೆ ಅದು ನಿಘಂಟಿಗೆ ಬರಬೇಕಾದರೆ ನೀನೊಬ್ಬನೇ ಬಳಸಿದರೆ ಸಾಲದು, ಹಲವರು ಬಳಸಬೇಕು, ಹಲವರಿಗೆ ತಿಳಿಯಬೇಕು.

ಆ ಉಪಾಧ್ಯಾಯಿನಿ ತಪ್ಪನ್ನು ತಪ್ಪೆಂದು ಹೇಳದೆ ಬಿಡಲಿಲ್ಲ. ಹುಡುಗನನ್ನು ನಾಚಿಸಲೂ ಇಲ್ಲ. 'ಪೆತಲೋಸೊ' ಮುಂದೆ ಬಾಳುತ್ತದೆಯೋ ಬಾಡುತ್ತದೆಯೋ, ಅದು ಜನಕ್ಕೆ ಬಿಟ್ಟದ್ದು. ಅವಳ ಕೈಯಲ್ಲಿದ್ದುದು ಕೆಂಪು ಮಸಿಯ ಒಂದು ಗುರುತು. ಅದನ್ನು ಅವಳು ಬಾಗಿಲು ಮುಚ್ಚುವುದಕ್ಕೆ ಬಳಸಲಿಲ್ಲ. ೨೨೭ ಪದಗಳ ಪಟ್ಟಿ ಬರೆದ ಆ ಹಳೆಯ ಉಪಾಧ್ಯಾಯನಿಗೆ ತಿಳಿಯದೆ ಹೋದದ್ದು ಇಷ್ಟೇ. ಅವನ ಕಾಲದಿಂದ ಇವಳ ಕಾಲದವರೆಗೆ ಇಟಾಲಿಯನ್ ಭಾಷೆ ಸವೆಸಿದ ದಾರಿಯಲ್ಲಿ ನಾವು ಕಲಿಯಬೇಕಾದದ್ದೂ ಇಷ್ಟೇ ಎಂದು ನನಗೆ ತೋರುತ್ತದೆ.